ಶಾವಿಗೆ ಒರಳಿಗೆ ಬರುವ ಕನ್ನಡ ಪಾಸ್ತಾ ಯಂತ್ರಕ್ಕೆ ಯಾಕೆ ಬರೋಲ್ಲ?



ನಿಮ್ಮ ಅಡುಗೆಮನೆಗೆ ಇಟಲಿ ಬಂದು ಕೂತಿದೆ. ಬರಲಿ, ಕೂರಲಿ, ನಮಗೇನೂ ಹೊಟ್ಟೆಯುರಿಯಿಲ್ಲ. ಮುದ್ದೆ ತಿಂದವನೇ ಕನ್ನಡಿಗ, ಪಾಸ್ತಾ ತಿಂದವನು ನಾಡದ್ರೋಹಿ ಎಂದು ಬೊಬ್ಬೆ ಹೊಡೆಯುವ ಚಿಲ್ಲರೆ ಅಭಿಮಾನ ಈ ಪತ್ರಿಕೆಯದ್ದಲ್ಲ. ಮೆಣಸಿನಕಾಯಿ ಸಮುದ್ರ ದಾಟಿ ಬಂದದ್ದು. ಆಲೂಗಡ್ಡೆ, ಟೊಮೇಟೊ ಕೂಡ ಹಾಗೇ ಬಂದವು. ಆದರೆ ಬಂದವು ಸುಮ್ಮನೆ ಕೂರಲಿಲ್ಲ, ಕನ್ನಡ ಕಲಿತವು. ಮೆಣಸಿನಕಾಯಿ ಬ್ಯಾಡಗಿಯಲ್ಲಿ ಮನೆ ಕಟ್ಟಿಕೊಂಡು ಊರಿನ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡಿತು. ಈಗ ಮಾಲ್‌ಗಳಿಂದ, ಮೊಬೈಲ್ ಅಂಗಡಿಗಳಿಂದ ನಮ್ಮ ಮನೆಗೆ ಬರುತ್ತಿರುವ ಯಂತ್ರಗಳು ಮಾತ್ರ ಕನ್ನಡ ಕಲಿಯೋಲ್ಲ ಎಂದು ಹಟ ಹಿಡಿದಿವೆ. ಕಲಿಸುವವರು ಯಾರು? ಕೇಳುವವರು ಯಾರು? ಜಗಳ ಇರುವುದು ಅಲ್ಲಿ.

ಮನೆಯಲ್ಲಿ ಪಾಸ್ತಾ ಮಾಡುವ ಕೈಯಂತ್ರವನ್ನು ನೀವು ನೋಡಿರಬಹುದು. ಉಕ್ಕಿನ ಪೆಟ್ಟಿಗೆಯ ಹಾಗಿರುತ್ತದೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಒಳಗೆ ಎರಡು ನುಣುಪಾದ ಉರುಳೆಗಳು. ನಮ್ಮ ಕಬ್ಬಿನ ಗಾಣವನ್ನು ಚಿಕ್ಕದು ಮಾಡಿ ಮೇಜಿಗೆ ಕಚ್ಚಿಸಿದ ಹಾಗೆ. ಒಂದು ಬದಿಯ ಗುಂಡಿ ತಿರುವಿದರೆ ಉರುಳೆಗಳ ನಡುವಿನ ಸಂದು ಕಿರಿದಾಗುತ್ತದೆ, ಹಿಟ್ಟಿನ ಹಾಳೆ ತೆಳ್ಳಗಾಗುತ್ತದೆ. ಆಮೇಲೆ ಹಲ್ಲಿರುವ ಇನ್ನೊಂದು ಜೋಡಿ ಉರುಳೆಗೆ ಕೊಟ್ಟರೆ ಹಾಳೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬೀಳುತ್ತದೆ. ಇಟಲಿಯ ಮಾರ್ಕಾಟೋ, ಇಂಪೀರಿಯಾ ಕಂಪನಿಗಳು 1930ರ ದಶಕದಿಂದ ಇದನ್ನೇ ಮಾಡುತ್ತಾ ಬಂದಿವೆ. ಮಾರ್ಕಾಟೋದ ಅಟ್ಲಾಸ್ 150 ಎಂಬ ಮಾದರಿಯ ಹೆಸರಿನಲ್ಲಿರುವ 150 ಎಂದರೆ ಹಾಳೆಯ ಅಗಲ, ಮಿಲಿಮೀಟರಿನಲ್ಲಿ. ಇದಕ್ಕೆ ಕರೆಂಟು ಬೇಡ, ಚಿಪ್ಪು ಬೇಡ. ಸರಿಯಾಗಿ ನೋಡಿಕೊಂಡರೆ ತಾಯಿಯಿಂದ ಮಗಳಿಗೆ ಹೋಗುವ ಸಾಮಾನು. ತಪ್ಪಾಗಿ ನೋಡಿಕೊಂಡರೆ ಮೂರು ತಿಂಗಳಲ್ಲಿ ಗುಜರಿ.

ಸರಿ ಯಾವುದು, ತಪ್ಪು ಯಾವುದು ಎಂದು ಹೇಳಬೇಕಾದ್ದು ಡಬ್ಬಿಯೊಳಗಿನ ಕೈಪಿಡಿ. ತೆರೆದು ನೋಡಿ. ಇಟಾಲಿಯನ್ ಇರುತ್ತದೆ, ಇಂಗ್ಲಿಷ್ ಇರುತ್ತದೆ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಇರುತ್ತವೆ. ಇಲ್ಲಿನ ಆಮದುದಾರ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷ್ ಇರುತ್ತದೆ, ಕೆಲವು ಸಲ ಹಿಂದಿ. ಕನ್ನಡ? ದುರ್ಬೀನು ಹಿಡಿದರೂ ಸಿಗುವುದಿಲ್ಲ.

ಯುರೋಪಿನಲ್ಲಿ ಮಾರುವ ಅಡುಗೆ ಯಂತ್ರಗಳ ಕೈಪಿಡಿಯಲ್ಲಿ ಡ್ಯಾನಿಷ್ ಭಾಷೆ ಇರುತ್ತದೆ. ಅದನ್ನು ಆಡುವವರು ಸುಮಾರು 60 ಲಕ್ಷ ಜನ. ಫಿನ್ನಿಷ್ ಇರುತ್ತದೆ, ಆಡುವವರು ಸುಮಾರು 50 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಆ ಎರಡು ಭಾಷೆಗಳನ್ನು ಕೂಡಿಸಿದರೂ ನಮ್ಮ ಕಾಲು ಭಾಗದಷ್ಟೇ. ಅವರಿಗೆ ಒಂದೊಂದು ಪುಟ ಕೊಡುವ ಕಂಪನಿಗಳು ನಮಗೆ ಒಂದು ಸಾಲು ಕೊಡುವುದಿಲ್ಲ. ಕಂಪನಿಯವನಿಗೆ ಕನ್ನಡದ ಮೇಲೆ ದ್ವೇಷವೇನೂ ಇಲ್ಲ. ಡೆನ್ಮಾರ್ಕಿನವನು ಕೇಳುತ್ತಾನೆ, ನಾವು ಕೇಳುವುದಿಲ್ಲ. ಅಷ್ಟೇ ವ್ಯತ್ಯಾಸ!

ಒಂದು ಭಾಷೆ ಇಲ್ಲದಿದ್ದರೆ ಏನಾಗಿಬಿಡುತ್ತದೆ ಎಂದು ಕೇಳುವ ಮಹಾನುಭಾವರಿದ್ದಾರೆ. ಏನಾಗುತ್ತದೆ ನೋಡಿ.

ಬಸವೇಶ್ವರನಗರದ ಒಂದು ಮನೆಯ ಸಂಗತಿ. ಮಗ ಹೊರದೇಶದಿಂದ ಬರುವಾಗ ಪಾಸ್ತಾ ಯಂತ್ರ ತಂದ. ಒಂದು ಭಾನುವಾರ ಮಾಡಿ ತಿಂದರು, ಚೆನ್ನಾಗಿಯೇ ಆಯಿತು. ಮಾರನೆಯ ದಿನ ಮನೆಗೆಲಸಕ್ಕೆ ಬರುವ ಹೆಂಗಸು ಎಲ್ಲ ಪಾತ್ರೆಗಳ ಜೊತೆ ಅದನ್ನೂ ಸಿಂಕಿಗೆ ಹಾಕಿ, ಸೋಪು ಹಚ್ಚಿ, ಬುರುಜು ಬರುವಂತೆ ತೊಳೆದು, ಬೋರಲು ಹಾಕಿದಳು. ಪಾತ್ರೆಯನ್ನು ಹೇಗೆ ತೊಳೆಯಬೇಕೋ ಹಾಗೇ ತೊಳೆದಳು. ಆ ಯಂತ್ರಕ್ಕೆ ಇರುವ ಮೊದಲ ನಿಯಮವೇ ನೀರು ಮುಟ್ಟಿಸಬಾರದು ಎಂಬುದು. ಉರುಳೆಯ ತುದಿಗಳ ಹಿಂದೆ ಉಕ್ಕಿನ ಹಲ್ಲುಚಕ್ರಗಳಿವೆ, ನೀರು ಅಲ್ಲಿ ನಿಂತರೆ ತುಕ್ಕು. ಅಳಿದುಳಿದ ಹಿಟ್ಟು ನೀರಿಗೆ ಕರಗಿ ಸಂದಿಗೆ ಇಳಿದು ಒಣಗಿದರೆ ಸಿಮೆಂಟು. ಒಂದು ವಾರ ಬಿಟ್ಟು ಹಿಡಿ ತಿರುವಿದರೆ ಕಿರ್ರೆನ್ನುತ್ತದೆ, ಹಿಟ್ಟಿನ ಮೇಲೆ ಕಪ್ಪು ಗೆರೆ. ಬೈಗುಳ ಯಾರಿಗೆ ಬಿತ್ತು? ಆ ಹೆಂಗಸಿಗೆ. ಸಂಬಳದಲ್ಲಿ ಹಿಡಿದುಕೊಳ್ಳುವ ಮಾತೂ ಬಂತು. ಆಕೆ ಮಂಡ್ಯ ಕಡೆಯವಳು, ಏಳನೇ ಕ್ಲಾಸು ಓದಿದ್ದಾಳೆ, ಕನ್ನಡ ಸರಾಗವಾಗಿ ಓದುತ್ತಾಳೆ. ‘ನೀರು ತಾಕಿಸಬೇಡಿ’ ಎಂಬ ಎರಡು ಪದ ಆ ಡಬ್ಬಿಯ ಮೇಲೆ ಇದ್ದಿದ್ದರೆ ಯಂತ್ರವೂ ಉಳಿಯುತ್ತಿತ್ತು, ಆಕೆಯ ಮಾನವೂ ಉಳಿಯುತ್ತಿತ್ತು. ಆ ಡಬ್ಬಿಯ ಮೇಲೆ ಐದು ಭಾಷೆಯಲ್ಲಿ ಆ ಮಾತು ಇತ್ತು!

ಯಂತ್ರ ಕೊಳ್ಳುವವನು ಇಂಗ್ಲಿಷ್ ಬಲ್ಲ ಸಾಫ್ಟ್‌ವೇರ್ ಹುಡುಗನಿರಬಹುದು. ಅದನ್ನು ಒರೆಸುವವರು, ತೆಗೆದಿಡುವವರು, ಕೆಟ್ಟರೆ ಎತ್ತಿಕೊಂಡು ರಿಪೇರಿಗೆ ಓಡುವವರು ಬೇರೆ ಜನ. ಅಮ್ಮಂದಿರು, ಅಜ್ಜಿಯರು, ಕೆಲಸದವರು, ಅಂಗಡಿಯ ಹುಡುಗರು. ಕೈಪಿಡಿ ಬೇಕಾದ್ದು ಅವರಿಗೆ. ಇಂಗ್ಲಿಷ್ ಬಲ್ಲವನು ಕೈಪಿಡಿ ಓದುವುದೂ ಇಲ್ಲ, ಅದು ಬೇರೆ ಮಾತು.

ಬೇರೆಯವರು ಏನು ಮಾಡಿದ್ದಾರೆ ತಿಳಿದುಕೊಳ್ಳಿ. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದವರು ಫ್ರೆಂಚ್ ಆಡುವವರು, ಸುತ್ತ ಇಂಗ್ಲಿಷಿನ ಸಮುದ್ರ. 1977ರಲ್ಲಿ ಫ್ರೆಂಚ್ ಭಾಷೆಯ ಸನ್ನದು ಎಂಬ ಕಾನೂನು ಮಾಡಿ, ವಸ್ತುವಿನ ಮೇಲೆ, ಅದರ ಡಬ್ಬಿಯ ಮೇಲೆ, ಜೊತೆಗೆ ಕೊಡುವ ಬಳಕೆಯ ಸೂಚನೆ ಮತ್ತು ಗ್ಯಾರಂಟಿ ಪತ್ರದ ಮೇಲೆ ಫ್ರೆಂಚ್ ಇರಲೇಬೇಕು ಎಂದರು. ಅಂಥ ಅಮೆರಿಕದ ಕಂಪನಿಗಳೂ ಬಾಯಿ ಮುಚ್ಚಿಕೊಂಡು ಅಚ್ಚು ಹಾಕಿದವು. ಫ್ರಾನ್ಸಿನವರು 1994ರಲ್ಲಿ ತೂಬೋನ್ ಕಾನೂನು ತಂದು ಇದನ್ನೇ ಮಾಡಿದರು. ಪಾಸ್ತಾ ಯಂತ್ರದ ತವರಾದ ಇಟಲಿಯಲ್ಲಿ 2005ರ ಗ್ರಾಹಕ ಸಂಹಿತೆ ಏನು ಹೇಳುತ್ತದೆ ಗೊತ್ತೇ? ಗ್ರಾಹಕನಿಗೆ ಕೊಡುವ ಮಾಹಿತಿ ಎಷ್ಟೇ ಭಾಷೆಯಲ್ಲಿರಲಿ, ಕನಿಷ್ಠಪಕ್ಷ ಇಟಾಲಿಯನ್‌ನಲ್ಲಿ ಇರಲೇಬೇಕು. ಅಂದರೆ ನಮ್ಮ ಚನ್ನಪಟ್ಟಣದ ಬೊಂಬೆಯನ್ನು ರೋಮಿನಲ್ಲಿ ಮಾರಬೇಕಾದರೂ ಗ್ರಾಹಕನಿಗೆ ಹೇಳುವ ಮಾತನ್ನು ಇಟಾಲಿಯನ್‌ನಲ್ಲಿ ಬರೆಯಬೇಕು. ರೋಮಿನ ಯಂತ್ರವನ್ನು ಚನ್ನಪಟ್ಟಣದಲ್ಲಿ ಮಾರುವವನಿಗೆ ಮಾತ್ರ ಕನ್ನಡ ಬೇಡ. ಇದು ಯಾವ ಊರಿನ ನ್ಯಾಯ ಸ್ವಾಮಿ?

ಈಗ ನಮ್ಮ ಕಾನೂನಿಗೆ ಬನ್ನಿ, ಮೈಯುರಿಯುತ್ತದೆ. ಪೊಟ್ಟಣದ ಸಾಮಾನುಗಳ ಮೇಲೆ ಏನೇನು ಬರೆಯಬೇಕು ಎಂದು ಕೇಂದ್ರ ಸರ್ಕಾರದ ಕಾನೂನು ಮಾಪನ ನಿಯಮಗಳು, 2011 ಹೇಳುತ್ತವೆ. ತಯಾರಕನ ಹೆಸರು, ತೂಕ, ಬೆಲೆ, ದೂರು ಕೊಡುವ ವಿಳಾಸ. ಯಾವ ಭಾಷೆಯಲ್ಲಿ? ದೇವನಾಗರಿ ಲಿಪಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಮಿಕ್ಕ ಭಾಷೆಗಳನ್ನು ಬೇಕಿದ್ದರೆ ಜೊತೆಗೆ ಸೇರಿಸಿಕೊಳ್ಳಬಹುದು, ಅಡ್ಡಿಯಿಲ್ಲವಂತೆ. ಎಂಥ ಔದಾರ್ಯ! ನಮ್ಮ ನೆಲದಲ್ಲಿ, ನಮ್ಮ ದುಡ್ಡಿಗೆ, ನಮಗೇ ಮಾರುವ ಸಾಮಾನಿನ ಮೇಲೆ ನಮ್ಮ ಭಾಷೆ ಇರುವುದಕ್ಕೆ ‘ಅಡ್ಡಿಯಿಲ್ಲ’. ಕಡ್ಡಾಯ ಮಾತ್ರ ಅವೆರಡು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಕನ್ನಡವೂ ಹಿಂದಿಯೂ ಒಂದೇ ಪಂಕ್ತಿಯಲ್ಲಿ ಕೂತಿವೆ. ಬಡಿಸುವಾಗ ಮಾತ್ರ ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಎಲೆ.

ಬೆಂಗಳೂರಿನ ವಿಧಾನಸೌಧ ಏನು ಮಾಡಿತು? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಎಂಬ ದೊಡ್ಡ ಹೆಸರಿನ ಕಾನೂನು ಬಂತು. 2023ರ ಡಿಸೆಂಬರ್‌ನಲ್ಲಿ ಕಾರ್ಯಕರ್ತರು ಬೀದಿಗಿಳಿದು, ಲಾಠಿ ತಿಂದು, ಜೈಲಿಗೆ ಹೋದ ಮೇಲೆ 2024ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಒಳ್ಳೆಯದೇ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂಬ ಮಾತು ಅದೇ ಕಾನೂನಿನಲ್ಲಿದೆ, ಅದನ್ನು ಪಾಲಿಸಿ ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಸುತ್ತೋಲೆಯನ್ನೂ ಹೊರಡಿಸಿತು. ಅದೂ ಒಳ್ಳೆಯದೇ. ಆದರೆ ಗಮನವಿಟ್ಟು ಓದಿ. ರಾಜ್ಯದಲ್ಲಿ ‘ತಯಾರಾಗುವ’ ವಸ್ತು. ರಾಜ್ಯದಲ್ಲಿ ‘ಮಾರುವ’ ವಸ್ತು ಅಲ್ಲ! ಪೀಣ್ಯದಲ್ಲಿ ನಮ್ಮವನೊಬ್ಬ ಸಾಲ ಮಾಡಿ ಷೆಡ್ಡು ಹಾಕಿ ಶಾವಿಗೆ ಯಂತ್ರ ಮಾಡಿದರೆ ಅವನಿಗೆ ಕನ್ನಡದ ಕಡ್ಡಾಯ. ಹೊರದೇಶದಿಂದಲೋ ಹೊರರಾಜ್ಯದಿಂದಲೋ ಬಂದು ಅವನ ಪಕ್ಕದ ಕಪಾಟಿನಲ್ಲಿ ಕೂರುವ ಯಂತ್ರಕ್ಕೆ ಪೂರ್ತಿ ವಿನಾಯಿತಿ. ಕಾನೂನಿನ ಬಲೆಗೆ ನಮ್ಮ ಬಡಪಾಯಿ ಮೀನು ಸಿಕ್ಕಿತು, ತಿಮಿಂಗಿಲ ಪಕ್ಕದಲ್ಲೇ ಈಜಿಕೊಂಡು ಹೋಯಿತು. ಅಂಗಡಿಯ ಬಾಗಿಲ ಮೇಲೆ ಶೇ. 60 ಕನ್ನಡ, ಒಳಗಿನ ಡಬ್ಬಿ ತೆರೆದರೆ ಸೊನ್ನೆ.

ಒಂದು ಆಯುಧ ಮಾತ್ರ ನಮ್ಮ ಕೈಯಲ್ಲೇ ಇದೆ, ಯಾರೂ ಬಳಸುತ್ತಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019. ಅದರ 84ನೇ ಕಲಮಿನ ಪ್ರಕಾರ, ವಸ್ತುವನ್ನು ಸರಿಯಾಗಿ ಬಳಸುವ ಬಗ್ಗೆ ಸಾಕಷ್ಟು ಸೂಚನೆ ಕೊಡದೆ, ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆ ಕೊಡದೆ ಅದರಿಂದ ಹಾನಿಯಾದರೆ ತಯಾರಕನೇ ಹೊಣೆ. ‘ಸಾಕಷ್ಟು ಸೂಚನೆ’ ಎಂದರೆ ಏನು? ಓದಲು ಬಾರದ ಭಾಷೆಯಲ್ಲಿ ಹತ್ತು ಪುಟ ಅಚ್ಚು ಹಾಕಿದರೆ ಅದು ಸಾಕಷ್ಟೇ? ಕಿವುಡನ ಮುಂದೆ ಶಂಖ ಊದಿ ‘ನಾನು ಎಚ್ಚರಿಸಿದ್ದೆ’ ಎಂದರೆ ಒಪ್ಪುತ್ತೀರಾ? ಈ ಪ್ರಶ್ನೆಯನ್ನು ಗ್ರಾಹಕರ ಆಯೋಗದ ಮುಂದೆ ಕನ್ನಡಿಗರೇ ಎತ್ತಬೇಕು. ವಕೀಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಯಾಕೆ ಸುಮ್ಮನಿದ್ದೀರಿ?

ಪದಗಳಿಲ್ಲವಂತೆ!

ಕಂಪನಿಯವರು ಬಿಡಿ, ನಮ್ಮೊಳಗಿನ ಎಂಗಣ್ಣಗಳೇ ಹೇಳುತ್ತಾರೆ: ‘ಇಂಥದ್ದಕ್ಕೆಲ್ಲ ಕನ್ನಡದಲ್ಲಿ ಪದ ಎಲ್ಲಿದೆ ಮಾರಾಯ?’ ಇವರು ಯಾವತ್ತೂ ಕನ್ನಡಿಗರ ಅಡುಗೆಮನೆಗೆ ಕಾಲಿಟ್ಟವರಲ್ಲ, ಉಣ್ಣುವುದಕ್ಕೆ ಬಿಟ್ಟು.

ಕರಾವಳಿ ಮಲೆನಾಡಿನ ಮನೆಗಳಲ್ಲಿ ಒತ್ತು ಶಾವಿಗೆಯ ಒರಳು ಇರುತ್ತದೆ, ಮೂರು ಕಾಲಿನ ಮೇಲೆ ನಿಂತದ್ದು. ಬೇಯಿಸಿದ ಅಕ್ಕಿ ಉಂಡೆ ಹಾಕಿ, ಹಿಡಿ ತಿರುವಿ ತಿರುಪು ಇಳಿಸಿದರೆ ಕೆಳಗಿನ ಬಿಲ್ಲೆಯ ತೂತುಗಳಿಂದ ಎಳೆ ಇಳಿಯುತ್ತದೆ. ಹುಬ್ಬಳ್ಳಿ ಧಾರವಾಡದ ಕಡೆ ಬೇಸಗೆ ಬಂತೆಂದರೆ ಮಂಚದ ಅಂಚಿಗೆ ಶಾವಿಗೆ ಮಶಿನ್ನು ಬಿಗಿದು, ಒಬ್ಬಾಕೆ ಹಿಟ್ಟು ಒತ್ತಿ, ಇನ್ನೊಬ್ಬಾಕೆ ಹಿಡಿ ತಿರುವಿ, ಮಕ್ಕಳು ಕೋಲಿನ ಮೇಲೆ ಎಳೆ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ಮೈಸೂರಿನ ಕಡೆ ಚಕ್ಕುಲಿ ಒರಳು. ಇದೆಲ್ಲ ಏನು? ಇಟಲಿಯವರು ಈಗ ಕರೆಂಟಿನ ಮೇಲೆ ಓಡಿಸುವ ಒತ್ತುವ ಯಂತ್ರದ ಸೋದರ ಸಂಬಂಧಿಗಳು. ಹಿಡಿ, ತಿರುಪು, ಬಿಲ್ಲೆ, ಅಚ್ಚು, ಉರುಳೆ, ಗಾಣ, ಸಂದು, ಕೀಲು. ಇವು ನಿಘಂಟಿನಲ್ಲಿ ಕೂತು ದೂಳು ತಿನ್ನುವ ಪದಗಳಲ್ಲ, ನಮ್ಮ ಅಜ್ಜಿಯರ ಬಾಯಿಯಲ್ಲಿ ಓಡಾಡುವ ಪದಗಳು. ಹಿಟ್ಟಿನ ವಿಷಯಕ್ಕೂ ಅಷ್ಟೇ. ಪಾಸ್ತಾಕ್ಕೆ ಬೇಕಾದ ಗಡಸು ಡೂರಂ ಗೋಧಿಯ ಕುಲದ್ದೇ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯ ಜವೆ ಗೋಧಿ, ಸದಕ ಎಂದೂ ಕರೆಯುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಸುಧಾರಿತ ತಳಿಗಳನ್ನು ಬಿಡುಗಡೆ ಮಾಡಿದೆ. ಶಾವಿಗೆಗೆ ಅದಕ್ಕಿಂತ ಒಳ್ಳೆಯ ಗೋಧಿ ಇಲ್ಲ ಎಂದು ಆ ಕಡೆಯ ತಾಯಂದಿರು ಇವತ್ತಿಗೂ ಹೇಳುತ್ತಾರೆ.

ಇಷ್ಟೆಲ್ಲ ಇಟ್ಟುಕೊಂಡು ನಾವು ಮಾಡಿದ್ದೇನು? ನಮ್ಮದೇ ಶಾವಿಗೆಯ ಪೊಟ್ಟಣದ ಮೇಲೆ ‘ವರ್ಮಿಸೆಲಿ’ ಎಂದು ಬರೆದುಕೊಂಡೆವು. ವರ್ಮಿಸೆಲಿ ಎಂದರೆ ಇಟಾಲಿಯನ್‌ನಲ್ಲಿ ಏನರ್ಥ ಗೊತ್ತೇ? ಸಣ್ಣ ಹುಳುಗಳು! ಶಾವಿಗೆ ಪಾಯಸ ಎಂದರೆ ಹಳ್ಳಿ ಗಮಾರ, ಸಣ್ಣ ಹುಳುಗಳ ಪಾಯಸ ಎಂದರೆ ಸ್ಟಾಂಡರ್ಡು. ಇಟಲಿಯವನು ತನ್ನ ಸ್ಪಗೆಟ್ಟಿಯನ್ನು ಯಾವ ದೇಶಕ್ಕೆ ಹೋದರೂ ಸ್ಪಗೆಟ್ಟಿ ಎಂದೇ ಮಾರುತ್ತಾನೆ. ಜಗತ್ತೆಲ್ಲ ಅವನ ಬಾಯಲ್ಲಿ ಕಲಿಯುತ್ತದೆ. ಅವನ ಆ ಛಲಕ್ಕೆ ನಮ್ಮ ಕೈ ಮುಗಿಯಬೇಕು.

ಇನ್ನೊಂದು ತರಹದ ಪಂಡಿತರಿದ್ದಾರೆ. ಅವರ ಕೈಗೆ ಕೈಪಿಡಿ ಕೊಟ್ಟರೆ ನಟ್ಟು, ಬೋಲ್ಟು, ಸ್ಪ್ರಿಂಗುಗಳಿಗೆಲ್ಲ ಸಂಸ್ಕೃತದಿಂದ ಮೂರು ಮೂರು ಮೊಳದ ಪದ ಹೊಸೆದು ತರುತ್ತಾರೆ. ಓದಿದವನಿಗೆ ತಲೆನೋವು, ಕಂಪನಿಯವನಿಗೆ ‘ನೋಡಿ, ಕನ್ನಡ ಯಾರಿಗೂ ಅರ್ಥವಾಗೋಲ್ಲ’ ಎನ್ನಲು ನೆಪ. ಎಸ್‌ಜೆಪಿ ರಸ್ತೆಯ ಯಾವ ಅಂಗಡಿಗೆ ಬೇಕಾದರೂ ಹೋಗಿ ನಿಲ್ಲಿ. ‘ಅಣ್ಣಾ, ಗೇರು ಸವೆದಿದೆ, ಬುಶ್ಶು ಹಾಕ್ಬೇಕು, ಸ್ಪ್ರಿಂಗು ಬದಲಾಯ್ಸಿ’ ಎನ್ನುತ್ತಾರೆ. ಇದೇ ಕನ್ನಡ. ಗೇರು, ಬುಶ್ಶು ಮೆಣಸಿನಕಾಯಿಯ ಹಾಗೆ ಎಂದೋ ನಮ್ಮವಾಗಿವೆ. ಆ ಅಂಗಡಿಯವನು ಆಡುವ ಹಾಗೆ ಬರೆದರೆ ಸಾಕು.

ಕಂಪನಿ ಬರೆಯದಿದ್ದರೆ ನಾವೇ ಬರೆಯುತ್ತೇವೆ

ಬರೆದು ತೋರಿಸುತ್ತೇವೆ, ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿಕೊಳ್ಳಿ.

ಹೊಸ ಯಂತ್ರ ತಂದೊಡನೆ ಒಣ ಬಟ್ಟೆಯಿಂದ ಒರೆಸಿ. ಕಾರ್ಖಾನೆಯ ಎಣ್ಣೆ ಒಳಗಿರುತ್ತದೆ. ಒಂದು ಸಣ್ಣ ಉಂಡೆ ಹಿಟ್ಟು ಕಲಸಿ, ಉರುಳೆಗಳ ನಡುವೆ ನಾಲ್ಕಾರು ಸಲ ಹಾಯಿಸಿ, ಆ ಹಿಟ್ಟನ್ನು ಎಸೆದುಬಿಡಿ. ತಿನ್ನಬೇಡಿ. ಬಹಳ ದಿನ ಇಟ್ಟ ಯಂತ್ರವನ್ನು ಮತ್ತೆ ತೆಗೆದಾಗಲೂ ಹೀಗೆಯೇ ಮಾಡಿ.

ನೀರು ತಾಕಿಸಬೇಡಿ. ಸಿಂಕು ಬೇಡ, ಪಾತ್ರೆ ತೊಳೆಯುವ ಯಂತ್ರ ಬೇಡ, ಒದ್ದೆ ಬಟ್ಟೆಯೂ ಬೇಡ. ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟು ಅಂಟಿದ ಹಿಟ್ಟು ಒಣಗಲು ಬಿಡಿ. ಗಂಟೆಯೋ ಎರಡು ಗಂಟೆಯೋ ಬಿಟ್ಟು ಯಂತ್ರವನ್ನು ಬೋರಲು ಮಾಡಿ ಮೆಲ್ಲಗೆ ತಟ್ಟಿ, ಒಣ ಬ್ರಷ್ಷಿನಿಂದ ಉಜ್ಜಿ. ಪೇಂಟು ಹೊಡೆಯುವ ಹೊಸ ಬ್ರಷ್ಷೊಂದನ್ನು ಇದಕ್ಕೇ ಮೀಸಲಿಟ್ಟರೆ ಒಳ್ಳೆಯದು. ಸಂದಿಯಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ಕೆದಕಿ, ಚಾಕು ಹಾಕಬೇಡಿ. ಉರುಳೆಗಳ ಕೆಳಗೆ ಹಿಟ್ಟು ಕೆರೆಯುವ ತೆಳು ತಗಡೋ ಪ್ಲಾಸ್ಟಿಕ್ಕಿನ ಪಟ್ಟಿಯೋ ಇರುತ್ತದೆ. ಅದು ಬಾಗಿದರೆ ಉರುಳೆಗೆ ಗೀರು ಬೀಳುತ್ತದೆ, ಹಿಟ್ಟು ಸುತ್ತಿಕೊಳ್ಳುತ್ತದೆ. ಒರೆಸುವಾಗ ಉರುಳೆಗಳ ನಡುವೆ ಬಟ್ಟೆ ತೂರಿಸಿ ಹಿಡಿ ತಿರುವುವುದಂತೂ ಬೇಡವೇ ಬೇಡ. ಬಟ್ಟೆಯ ಜೊತೆ ಬೆರಳೂ ಹೋದೀತು. ಮಕ್ಕಳು ಹಿಡಿ ತಿರುವುವಾಗ ದೊಡ್ಡವರು ಪಕ್ಕದಲ್ಲೇ ಇರಿ.

ಈಗ ಎಣ್ಣೆಯ ವಿಷಯ, ಭಾಷೆ ಇಲ್ಲದಿದ್ದರೆ ಆಗುವ ಅನಾಹುತಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ತಿರುವುವಾಗ ಕಿರ್ರೆಂದರೆ ಉರುಳೆಯ ತುದಿಗಳಿಗೆ ‘ವ್ಯಾಸಲೀನ್ ಎಣ್ಣೆ’ ಬಿಡಿ ಎಂದು ಇಟಲಿಯ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ವ್ಯಾಸಲೀನ್ ಎಂದರೆ ತುಟಿಗೆ ಹಚ್ಚುವ ಮುಲಾಮು. ಇಂಗ್ಲಿಷ್ ಬಲ್ಲವನಿಗೂ ಅರ್ಥವಾಗುವುದಿಲ್ಲ. ಸರಿ, ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಂಗಳೂರಿನಲ್ಲಿ ಹಿಡಿ ಅಲ್ಲಾಡುವುದಿಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬಿಟ್ಟರೆ ಕೆಲವು ತಿಂಗಳಲ್ಲಿ ಅಂಟಾಗಿ, ಕಮಟು ವಾಸನೆ ಹಿಡಿದು, ಹಿಟ್ಟಿನ ದೂಳನ್ನೆಲ್ಲ ಮೆತ್ತಿಕೊಳ್ಳುತ್ತದೆ. ಆ ಕೈಪಿಡಿಯವನು ಹೇಳುತ್ತಿರುವುದು ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಬಣ್ಣವಿಲ್ಲ, ವಾಸನೆಯಿಲ್ಲ, ಮಲಬದ್ಧತೆಗೆ ಡಾಕ್ಟರು ಬರೆದುಕೊಡುವ ಅದೇ ಬಾಟಲಿ. ಒಂದೊಂದು ತುದಿಗೆ ಒಂದೆರಡು ತೊಟ್ಟು, ಹಿಡಿ ತಿರುವಿ, ಹೆಚ್ಚಾದದ್ದನ್ನು ಒರೆಸಿ. ಇಷ್ಟೇ. ಈ ಒಂದು ಸಾಲನ್ನು ಕನ್ನಡದಲ್ಲಿ ಬರೆಯಲು ಆ ಆಮದುದಾರನಿಗೆ ಎಷ್ಟು ಖರ್ಚಾಗುತ್ತಿತ್ತು? ಹೊಲಿಗೆ ಯಂತ್ರದ ಎಣ್ಣೆ ಹಾಕಬಹುದೇ ಎಂದು ಕೇಳಬೇಡಿ, ಹಿಟ್ಟು ತಾಕುವ ಕಡೆ ಅದು ಬೇಡ.

ಹಾಳೆ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದು ಅಂಚಿನಲ್ಲಿ ತೆಳು ಬರುತ್ತಿದ್ದರೆ ಉರುಳೆಗಳು ಸಮವಾಗಿಲ್ಲ ಎಂದರ್ಥ. ಯಂತ್ರ ಕೆಳಗೆ ಬಿದ್ದಾಗ, ಬದಿಯ ಸ್ಕ್ರೂ ಸಡಿಲವಾದಾಗ ಹೀಗಾಗುತ್ತದೆ. ಸ್ಕ್ರೂ ಬಿಗಿದು ನೋಡಿ, ಹೋಗದಿದ್ದರೆ ತಿಳಿದವರ ಹತ್ತಿರ ಒಯ್ಯಿರಿ. ಹಿಟ್ಟಿನ ಮೇಲೆ ಕಪ್ಪು ಗೆರೆ ಬಂದರೆ ಎಸೆಯುವ ಹಿಟ್ಟನ್ನು ಮತ್ತೆ ಮತ್ತೆ ಹಾಯಿಸಿ, ಆಗಲೂ ನಿಲ್ಲದಿದ್ದರೆ ಒಳಗೆ ಲೋಹ ಸವೆಯುತ್ತಿದೆ, ಬಳಸಬೇಡಿ. ಕತ್ತರಿಸುವ ಉರುಳೆಗೆ ಹಿಟ್ಟು ಮೆತ್ತಿಕೊಂಡರೆ ಯಂತ್ರಕ್ಕೆ ಬೈಯಬೇಡಿ, ಹಿಟ್ಟು ಒದ್ದೆಯಾಗಿದೆ. ಹಾಳೆಯನ್ನು ಹತ್ತು ನಿಮಿಷ ಆರಲು ಬಿಟ್ಟು, ಸಣ್ಣ ರವೆ ಉದುರಿಸಿ ಹಾಕಿ. ಹಿಟ್ಟು ಮುಟ್ಟಿದರೆ ಬೆರಳಿಗೆ ಅಂಟಬಾರದು.

ಇಟಲಿಯವನ ಕೈಪಿಡಿಯಲ್ಲೂ ಇಲ್ಲದ ಒಂದು ಮಾತು ಕೇಳಿ. ಯಂತ್ರವನ್ನು ಮೇಜಿಗೆ ಕಚ್ಚಿಸುವ ಕ್ಲ್ಯಾಂಪು ಅವರ ಮರದ ಮೇಜಿಗೆಂದು ಮಾಡಿದ್ದು. ನಮ್ಮ ಗ್ರಾನೈಟು ಕಟ್ಟೆಗೆ ನೇರವಾಗಿ ಬಿಗಿದರೆ ಒಂದೋ ಜಾರುತ್ತದೆ, ಇಲ್ಲವೇ ಕಲ್ಲಿನ ಅಂಚು ಚಕ್ಕೆ ಏಳುತ್ತದೆ. ದಪ್ಪ ಮಣೆಗೆ ಕಚ್ಚಿಸಿ ಬಳಸಿ, ಶಾವಿಗೆ ಮಶಿನ್ನನ್ನು ಮಂಚಕ್ಕೆ ಬಿಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ತೇವ ನಿಂತು ತುಕ್ಕು ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಒಲೆಯಿಂದ ದೂರ ಇಡಿ.

ಕರೆಂಟಿನ ಯಂತ್ರವಾದರೆ ಪ್ಲಗ್ಗು ಕಿತ್ತ ಮೇಲೇ ಕೈಹಾಕಿ. ಸ್ವಿಚ್ಚು ಆರಿಸಿದರೆ ಸಾಲದು. ಮೋಟಾರಿರುವ ಭಾಗಕ್ಕೆ ನೀರು ಬೇಡ. ಬಿಲ್ಲೆಯ ತೂತು ಕಟ್ಟಿಕೊಂಡರೆ ಹಿಟ್ಟು ಒಣಗಿದ ಮೇಲೆ ಕಡ್ಡಿಯಿಂದ ಚುಚ್ಚಿ ಬಿಡಿಸಿ, ಒದ್ದೆಯಿರುವಾಗ ಕೆದಕಿದರೆ ಇನ್ನಷ್ಟು ಒಳಗೆ ಮೆತ್ತುತ್ತದೆ.

ನೋಡಿದಿರಾ? ಒಂದು ಪುಟದೊಳಗೆ ಮುಗಿಯಿತು. ಎಲ್ಲಿ ಅರ್ಥವಾಗಲಿಲ್ಲ ಹೇಳಿ!

ರಿಪೇರಿಯ ಅನ್ನ ಯಾರಿಗೆ?

ತಾಯಂದಿರ ಅನುಕೂಲಕ್ಕಷ್ಟೇ ಇದು ನಿಲ್ಲುವುದಿಲ್ಲ. ಯಂತ್ರ ಕೆಟ್ಟರೆ ಸರ್ವಿಸ್ ಸೆಂಟರಿಗೆ ಫೋನು ಮಾಡಿ ನೋಡಿ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ ಏನು ಒತ್ತಬೇಕು, ಅವರ ಕುತ್ತಿಗೆಯೇ? ನಮಗೆ ಸಿಕ್ಕ ಒಂದು ಉತ್ತರ ಹೀಗಿತ್ತು: ಇದರ ಬಿಡಿಭಾಗ ಇಲ್ಲಿ ಬರುವುದಿಲ್ಲ, ಹೊಸದು ಕೊಳ್ಳಿ. ಒಂದು ಸ್ಪ್ರಿಂಗು ಮುರಿದರೆ ಹೊಸ ಯಂತ್ರ ಕೊಳ್ಳಬೇಕಂತೆ. 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರು ಇದು, ಯಂತ್ರ ಮಾಡುವ ಯಂತ್ರವನ್ನೇ ಮಾಡಿದ ಊರು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತು ತಯಾರಿಸುತ್ತಿತ್ತು. ಅಂಥ ನಾಡಿನಲ್ಲಿ ಬೆರಳಿನಷ್ಟು ಉದ್ದದ ಹಲ್ಲುಚಕ್ರ ಕಡೆದುಕೊಡುವ ಕೈ ಇಲ್ಲವೇ? ಪೀಣ್ಯದಲ್ಲಿ, ರಾಜಾಜಿನಗರದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಲೇತು ಹಿಡಿದ ನಮ್ಮ ಐಟಿಐ ಹುಡುಗರಿದ್ದಾರೆ. ಅವರಿಗೆ ಕೈ ಇದೆ, ಕಣ್ಣಳತೆ ಇದೆ. ಇಲ್ಲದ್ದು ನಕ್ಷೆ, ಬಿಡಿಭಾಗಗಳ ಪಟ್ಟಿ, ಬಿಚ್ಚುವ ಜೋಡಿಸುವ ಕ್ರಮ. ಅದನ್ನು ಕಂಪನಿ ಬೀಗ ಹಾಕಿ ಇಟ್ಟುಕೊಂಡಿದೆ. ಹೊರಬಿಟ್ಟರೂ ಇಂಗ್ಲಿಷಿನಲ್ಲಿ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂದು ಪೋರ್ಟಲ್ ತೆರೆಯಿತು. ಯುರೋಪಿನವರು 2024ರಲ್ಲಿ ಕಾನೂನನ್ನೇ ಮಾಡಿದರು. ಹಕ್ಕಿನ ಮಾತು ದಿಲ್ಲಿಯಲ್ಲಿ ಚೆನ್ನಾಗಿಯೇ ಕೇಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ರಿಪೇರಿಯ ಹಕ್ಕು ಎಂದರೆ ಅವನ ಭಾಷೆಯಲ್ಲಿ ಸರ್ವಿಸ್ ಪುಸ್ತಕ ಸಿಗುವ ಹಕ್ಕು. ಅದಿಲ್ಲದೆ ಮಿಕ್ಕದ್ದು ಬರೀ ಬಾಯಿಮಾತು. 1982ರಲ್ಲಿ ಗೋಕಾಕ್ ಚಳವಳಿಗೆ ಲಕ್ಷ ಲಕ್ಷ ಜನ ಬೀದಿಗೆ ಬಂದದ್ದು ಶಾಲೆಯಲ್ಲಿ ಕನ್ನಡ ಮೊದಲಾಗಲಿ ಎಂದು. ಹಾಗೆ ಕನ್ನಡದಲ್ಲಿ ಓದಿದ ಮಕ್ಕಳು ಕಾರ್ಖಾನೆಯ ಬಾಗಿಲಿಗೆ ಬಂದಾಗ ‘ನಿನ್ನ ಭಾಷೆಗೆ ಇಲ್ಲಿ ಕೆಲಸವಿಲ್ಲ’ ಎಂದು ಯಂತ್ರವೂ ಹೇಳಿದರೆ ಅವರು ಎಲ್ಲಿಗೆ ಹೋಗಬೇಕು?

ನಮ್ಮ ಬೇಡಿಕೆ ಎರಡೇ. ಕರ್ನಾಟಕದಲ್ಲಿ ‘ತಯಾರಾಗುವ’ ಎಂಬಲ್ಲಿ ‘ಮಾರುವ’ ಎಂದು ಕಾನೂನು ತಿದ್ದಲಿ. ಬಳಕೆಯ ಸೂಚನೆ, ಅಪಾಯದ ಎಚ್ಚರಿಕೆ, ಗ್ಯಾರಂಟಿ ಪತ್ರ, ದೂರಿನ ಫೋನು, ನಾಲ್ಕೂ ಕನ್ನಡದಲ್ಲಿರಲಿ. ಮಾಪನದ ನಿಯಮದಲ್ಲಿ ‘ಹಿಂದಿ ಅಥವಾ ಇಂಗ್ಲಿಷ್’ ಇರುವ ಜಾಗದಲ್ಲಿ ಆಯಾ ರಾಜ್ಯದ ಭಾಷೆಯೂ ಕಡ್ಡಾಯವಾಗಲಿ. ಇದನ್ನು ಲೋಕಸಭೆಯಲ್ಲಿ ಕೇಳಬೇಕಾದವರು ನಾವು ಆರಿಸಿ ಕಳಿಸಿದ 28 ಜನ. ನಿಮ್ಮ ಊರಿನ ಎಂಪಿ ಯಾವ ಪಕ್ಷದವನಾದರೂ ಸರಿ, ಕಂಡಲ್ಲಿ ಹಿಡಿದು ಕೇಳಿ.

ಮಾತು ಸಾಕು, ಈ ವಾರದ ಕೆಲಸ ಇದು. ನಿಮ್ಮ ಮನೆಯಲ್ಲಿ ಕಳೆದ ಎರಡು ವರ್ಷದಲ್ಲಿ ಕೊಂಡ ಯಾವುದಾದರೂ ಯಂತ್ರದ ಕೈಪಿಡಿ ತೆಗೆಯಿರಿ. ಪಾಸ್ತಾ ಯಂತ್ರ, ಮಿಕ್ಸಿ, ಗ್ರೈಂಡರ್, ಗೀಸರ್, ಯಾವುದಾದರೂ ಸರಿ. ಕನ್ನಡ ಇಲ್ಲದಿದ್ದರೆ ಡಬ್ಬಿಯ ಮೇಲಿರುವ ದೂರಿನ ವಿಳಾಸಕ್ಕೆ ಕನ್ನಡದಲ್ಲೇ ಪತ್ರ ಬರೆಯಿರಿ: ‘ನಿಮ್ಮ ಈ ಯಂತ್ರದ ಕೈಪಿಡಿಯನ್ನು ಕನ್ನಡದಲ್ಲಿ ಕಳಿಸಿ. 30 ದಿನದೊಳಗೆ ಕಳಿಸದಿದ್ದರೆ 2019ರ ಅಧಿನಿಯಮದ ಅಡಿ ದೂರು ಕೊಡುತ್ತೇನೆ.’ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಜೋಪಾನ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ದೂರು ಬರೆದುಕೊಳ್ಳಬೇಕು, ಅವರು ಕೆಲಸ ಮಾಡುವ 17 ಭಾಷೆಗಳಲ್ಲಿ ಕನ್ನಡವೂ ಒಂದು. ಹಿಂದಿಗೆ ತಿರುಗಿದರೆ ನೀವು ತಿರುಗಬೇಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ನೀವು ವಾಸವಿರುವ ಊರಿನಲ್ಲೇ ಹೋಗಬಹುದು, 5 ಲಕ್ಷ ರೂಪಾಯಿ ಒಳಗಿನ ಸಾಮಾನಿಗೆ ಶುಲ್ಕವೂ ಇಲ್ಲ.

ಕಳಿಸಿದ ಪ್ರತಿ ಪತ್ರದ ನಕಲು, ಬಂದ ಪ್ರತಿ ಉತ್ತರದ ನಕಲು ನಮ್ಮ ಕಚೇರಿಗೆ ಬರಲಿ. ಯಾವ ಕಂಪನಿ ಕನ್ನಡದಲ್ಲಿ ಉತ್ತರ ಕೊಟ್ಟಿತು, ಯಾವುದು ಇಂಗ್ಲಿಷಿನಲ್ಲಿ ಕೊಟ್ಟಿತು, ಯಾವುದು ಬಾಯಿ ಮುಚ್ಚಿಕೊಂಡು ಕೂತಿತು ಎಂಬುದನ್ನು ಬರುವ ಸಂಚಿಕೆಯಿಂದ ಮೊದಲ ಪುಟದಲ್ಲೇ ಅಚ್ಚು ಹಾಕುತ್ತೇವೆ.